ಅಕ್ಕನ ಕೈಗೆ ಒಗ್ಗಿದ ಕಡ್ಡಿ

ನಾನು ಚಿಕ್ಕವಳಿದ್ದಾಗ ನನಗೊಂದು ಸ್ವೆಟರ್ ಇತ್ತು. ಅದು ಕೆಂಪು ಅಂತ ನಾನು ಹೇಳುತ್ತೇನೆ. ಅಲ್ಲ, ನೀಲಿ ಅಂತ ಅಕ್ಕ ಹೇಳುತ್ತಾಳೆ. ಹೆಣೆದವಳು ಅವಳು, ತೊಟ್ಟವಳು ನಾನು. ಇಬ್ಬರಲ್ಲಿ ಒಬ್ಬರಂತೂ ತಪ್ಪು. ಆದ್ದರಿಂದ ಮಕ್ಕಳೇ, ಮೊದಲೇ ಹೇಳಿಬಿಡುತ್ತೇನೆ, ಈ ಕತೆಯಲ್ಲಿ ಕೆಲವು ಸಂಗತಿಗಳು ಅದಲುಬದಲಾಗಿರಬಹುದು. ನಾನು ದಿನಚರಿ ಬರೆಯಲು ಶುರು ಮಾಡಿದ್ದು ಮೈಸೂರಿಗೆ ಓದಲು ಹೋದ ಮೇಲೆ. ಅದಕ್ಕೂ ಹಿಂದಿನದೆಲ್ಲ ನನ್ನ ತಲೆಯಲ್ಲಷ್ಟೇ ಇದೆ. ಹೇಳಿ ಹೇಳಿ ಅದನ್ನು ಎಷ್ಟು ತಿದ್ದಿದ್ದೇನೋ ನನಗೇ ಗೊತ್ತಿಲ್ಲ.

ನಮ್ಮದು ಟೇಕಲ್ ಪಕ್ಕದ ಒಂದು ಹಳ್ಳಿ. ಸಂಕ್ರಾಂತಿಗೆ ಮುಂಚಿನ ದಿನಗಳಲ್ಲಿ ಬೆಟ್ಟದ ಕಡೆಯಿಂದ ಬೀಸುವ ಗಾಳಿಗೆ ಕಿವಿ ಉರಿಯುತ್ತಿತ್ತು. ಶಾಲೆಗೆ ನಡೆದೇ ಹೋಗಬೇಕು. ಅಪ್ಪನ ಹಳೆಯ ಟವಲನ್ನು ತಲೆಯಿಂದ ಸೊಂಟದವರೆಗೆ ಸುತ್ತಿ, ಗಲ್ಲದ ಕೆಳಗೆ ಪಿನ್ನು ಹಾಕಿ ಅಮ್ಮ ಕಳಿಸುತ್ತಿದ್ದಳು. ಶಾಲೆಯ ಹುಡುಗರು ನನ್ನನ್ನು "ಮುದುಕಮ್ಮ" ಅನ್ನುತ್ತಿದ್ದರು. ನನಗೆ ಸ್ವೆಟರ್ ಬೇಕೇ ಬೇಕು ಅಂತ ಹಟ ಹಿಡಿದೆ. ಅಕ್ಕ ಸರಿ ಅಂದಳು.

ಅಕ್ಕನಿಗೆ ಆಗ ಹದಿನಾರೋ ಹದಿನೇಳೋ. ಶಾಲೆಯ ಹೊಲಿಗೆ ಟೀಚರ್ ಹತ್ತಿರ ಸ್ವೆಟರ್ ಹೆಣೆಯುವುದನ್ನು ಕಲಿತಿದ್ದಳು. ಉಲ್ಲನ್ನನ್ನು ಅಪ್ಪ ಕೋಲಾರದಿಂದ ತಂದುಕೊಟ್ಟ. ಕಡ್ಡಿ ಎಲ್ಲಿಂದ ತರುವುದು? ನಮ್ಮ ಕಡೆ ಹುಡುಗಿಯರು ಸೈಕಲ್ ಚಕ್ರದ ಕಡ್ಡಿಗಳನ್ನೇ ಕಲ್ಲಿಗೆ ಉಜ್ಜಿ, ತುದಿ ಚೂಪು ಮಾಡಿಕೊಂಡು ಹೆಣೆಯುತ್ತಿದ್ದರು. ಅಪ್ಪನೂ ತನ್ನ ಸೈಕಲ್ಲಿನ ಹಳೆಯ ಚಕ್ರದಿಂದ ಎರಡು ಕಡ್ಡಿ ಬಿಚ್ಚಿಕೊಟ್ಟ. ಬೆಳಗಿನ ಹೊತ್ತು ಅವು ಮಂಜುಗಡ್ಡೆಯಂತೆ ತಣ್ಣಗಿರುತ್ತಿದ್ದವು. ಅಕ್ಕ ಅವನ್ನು ಕಂಕುಳಲ್ಲಿ ಇಟ್ಟು ಬೆಚ್ಚಗೆ ಮಾಡಿಕೊಂಡು ಕೂರುತ್ತಿದ್ದಳು. ಟಿಣ್, ಟಿಣ್ ಅಂತ ಸಣ್ಣ ಸದ್ದು. ಸ್ವೆಟರಿನ ಕೆಳಗಿನ ಅಂಚು ಬೆರಳಗಲ ಬೆರಳಗಲ ಬೆಳೆಯುತ್ತಿತ್ತು. ನಾನು ದಿನಾ ಅದನ್ನು ನನ್ನ ಹೊಟ್ಟೆಗೆ ಹಿಡಿದು ಅಳತೆ ನೋಡುತ್ತಿದ್ದೆ. ಅಕ್ಕನ ಕೈಯನ್ನು ಮಾತ್ರ ಒಂದು ದಿನವೂ ನೋಡಲಿಲ್ಲ.

ಆ ದಿನ ಭಾನುವಾರ. ಇದು ಹೇಗೆ ನೆನಪಿದೆ ಅಂದರೆ ನನಗೆ ಶಾಲೆ ಇರಲಿಲ್ಲ, ಜೊತೆಗೆ ಹುಳಗಳು ಜ್ವರಕ್ಕೆ ಕೂತಿದ್ದವು. ನಮ್ಮ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದೆವು. ಹುಳ ಬೆಳೆಯುವಾಗ ನಾಲ್ಕು ಸಲ ಚರ್ಮ ಕಳಚುತ್ತದೆ. ಆಗ ಸೊಪ್ಪು ತಿನ್ನದೆ, ತಲೆ ಎತ್ತಿಕೊಂಡು ಅಲುಗಾಡದೆ ಕೂತಿರುತ್ತದೆ. ಅದಕ್ಕೇ ನಮ್ಮವರು ಜ್ವರ ಅನ್ನುವುದು. ಹುಳಕ್ಕೆ ಜ್ವರ ಬಂದ ದಿನ ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕೆಲಸ ಇಲ್ಲ. ಅಪ್ಪನಿಗೆ ವರ್ಷದಲ್ಲಿ ಸಿಗುತ್ತಿದ್ದ ರಜಾ ಅಂದರೆ ಅಂಥ ದಿನಗಳೇ.

ಬೆಳಿಗ್ಗೆ ಕೊಟ್ಟಿಗೆಯಲ್ಲಿ ಅಕ್ಕ ಹಾಲು ಕರೆಯುತ್ತಿದ್ದಳು. ನಮಗೆ ಎರಡು ಹಸು, ಎರಡನ್ನೂ ಕರೆಯುವವಳು ಅವಳೇ. ಹಾಲು ಟೇಕಲ್‌ನ ಹೋಟೆಲಿಗೆ ಹೋಗಬೇಕಿತ್ತು. ಚರ್ರ್ ಚರ್ರ್ ಅನ್ನುವ ಸದ್ದು ನಡುವೆಯೇ ನಿಂತುಹೋಯಿತು. ಅಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು.

"ಏನೇ, ಅರ್ಧಕ್ಕೇ ಎದ್ದೆ?"

"ಹಸು ಹಾಲು ಇಳಿಸ್ತಿಲ್ಲಮ್ಮ."

ಅಮ್ಮ ಹಸುವಿನ ಮುಖ ನೋಡಲಿಲ್ಲ. ಅಕ್ಕನ ಬಲಗೈ ಹಿಡಿದು ಬೆಳಕಿಗೆ ತಂದಳು. ಹೆಬ್ಬೆರಳಿನ ಬುಡ ಊದಿಕೊಂಡು ಹೊಳೆಯುತ್ತಿತ್ತು. ಅಮ್ಮ ಅಲ್ಲಿ ಒತ್ತಿದ್ದಕ್ಕೆ ಅಕ್ಕ ಉಸಿರು ಎಳೆದುಕೊಂಡಳು.

"ಹಸು ಮೇಲೆ ಯಾಕೆ ಹಾಕ್ತೀಯ? ಹಾಲು ಕರೆಯೋ ಕೈ ಕಣೇ ಇದು. ಆ ಸೈಕಲ್ ಕಡ್ಡಿ ಹಿಡ್ಕೊಂಡು ಹಾಳು ಮಾಡ್ಕೊಂಡಿದ್ದೀಯಲ್ಲ!" ಅಮ್ಮ ಸ್ವೆಟರಿನ ಚೀಲವನ್ನು ಗೂಟದಿಂದ ತೆಗೆದು ಸೊಂಟಕ್ಕೆ ಅವುಚಿಕೊಂಡಳು. "ಸಾಯಂಕಾಲ ಎರಡೂ ಹಸು ಪೂರ್ತಿ ಕರೆದ್ರೆ ಸರಿ. ಇಲ್ಲಾಂದ್ರೆ ಇದು ಅಟ್ಟಕ್ಕೆ. ಆಮೇಲೆ ನನ್ನ ಕೇಳ್ಬೇಡಿ."

ಅಮ್ಮ ಅಟ್ಟಕ್ಕೆ ಹಾಕಿದ್ದು ಕೆಳಗೆ ಬಂದದ್ದನ್ನು ನಾನು ನೋಡಿರಲಿಲ್ಲ. ಜೋರಾಗಿ ಅತ್ತೆ. ಅಕ್ಕನ ಕೈ ನೋಯುತ್ತದೆ ಅಂತ ಅತ್ತೆ ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ನಾನು ಅತ್ತದ್ದು ಸ್ವೆಟರಿಗೆ.

ಅಪ್ಪ ಜಗುಲಿಯ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದ. ಎಲ್ಲ ಕೇಳಿಸಿಕೊಂಡು, "ಕಡ್ಡಿ ಕೊಟ್ಟೋನು ನಾನಲ್ವಾ," ಅಂದ. ಅಮ್ಮನಿಂದ ಚೀಲ ಇಸಕೊಂಡು, ಅಕ್ಕ ಹಿಡಿಯುವ ಹಾಗೆಯೇ ಕಡ್ಡಿಗಳನ್ನು ಹಿಡಿದು ನೋಡಿದ. ಅವನ ದೊಡ್ಡ ಬೆರಳುಗಳ ನಡುವೆ ಅವು ಕಾಣುತ್ತಲೇ ಇರಲಿಲ್ಲ.

"ಇಷ್ಟು ಸಣ್ಣಗಿದ್ರೆ ಬೆರಳು ಬಿಗಿ ಹಿಡೀಲೇಬೇಕು," ಅಂದ. "ಕುಡುಗೋಲಿನ ಹಿಡಿ ಸಣ್ಣಗಿದ್ರೂ ಹಿಂಗೇ. ಸೊಪ್ಪು ಕೊಯ್ದು ಬರೋಷ್ಟರಲ್ಲಿ ಕೈ ಹೋಗಿರ್ತದೆ. ಹಿಡಿ ಕೈಗೆ ತಕ್ಕಂಗಿರ್ಬೇಕು."

ಆಮೇಲೆ ಅವನು ಮಾಡಿದ್ದು ನನಗೆ ಆಟದ ಹಾಗೆ ಕಂಡಿತು. ಅಕ್ಕನನ್ನು ಎದುರಿಗೆ ಕೂರಿಸಿಕೊಂಡು ಒಂದೊಂದೇ ವಸ್ತು ಅವಳ ಕೈಗೆ ಕೊಟ್ಟ. ಕುಡುಗೋಲಿನ ಹಿಡಿ, ಮಜ್ಜಿಗೆ ಕಡೆಯುವ ಕಡಗೋಲು, ಪೊರಕೆಯ ಒಂದು ಕಡ್ಡಿ, ಕೊನೆಗೆ ನನ್ನ ಪೆನ್ಸಿಲ್. ಪ್ರತಿ ಸಲವೂ ಅವಳ ಹೆಬ್ಬೆರಳಿನ ಬುಡವನ್ನು ಮುಟ್ಟಿ ನೋಡುತ್ತಿದ್ದ. ಪೆನ್ಸಿಲ್ ಹಿಡಿದಾಗ, "ಹ್ಞಾ, ಇಲ್ಲಿ ಸಡಿಲ ಆಯ್ತು," ಅಂದ.

ಮನೆಯ ಹಿಂದೆ ಮುರಿದ ಚಂದ್ರಿಕೆಯೊಂದು ಬಿದ್ದಿತ್ತು. ಚಂದ್ರಿಕೆ ಅಂದರೆ ಪೂರ್ತಿ ಬೆಳೆದು ಹಣ್ಣಾದ ಹುಳಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆ. ಅದರ ಅಂಚಿನ ಗಟ್ಟಿ ಬಿದಿರನ್ನು ಅಪ್ಪ ಬಿಡಿಸಿ ತಂದ. ಎಷ್ಟೋ ರೇಷ್ಮೆ ಬೆಳೆ ಕಂಡು ಒಣಗಿ ಹಳದಿಯಾಗಿದ್ದ ಬಿದಿರು. ಅದರ ಗೆಣ್ಣುಗಳಲ್ಲಿ ಇನ್ನೂ ರೇಷ್ಮೆಯ ನೂಲು ಅಂಟಿಕೊಂಡಿತ್ತು. ಮಚ್ಚಿನಿಂದ ಸೀಳಿ ಹೆರೆಯತೊಡಗಿದ. ಮಚ್ಚಲ್ಲ, ಚಾಕು ಅನ್ನುತ್ತಾಳೆ ಅಕ್ಕ. ಇರಬಹುದು. ಅಪ್ಪನ ಪಂಚೆಯ ಮೇಲೆ ಸುರುಳಿ ಸುರುಳಿಯಾಗಿ ಬೀಳುತ್ತಿದ್ದ ಸಿಪ್ಪೆ, ಬಿಸಿಲಿಗೆ ಕಾದ ಬಿದಿರಿನ ವಾಸನೆ, ಇವೆರಡರಲ್ಲಿ ಮಾತ್ರ ನನಗೆ ಅನುಮಾನ ಇಲ್ಲ.

ದಪ್ಪ ಇದ್ದಷ್ಟೂ ಒಳ್ಳೆಯದು ಅಂದುಕೊಂಡನೋ ಏನೋ, ಮೊದಲ ಜೋಡಿಯನ್ನು ಪೆನ್ಸಿಲ್ಲಿಗಿಂತ ಬಹಳ ದಪ್ಪ ಮಾಡಿಬಿಟ್ಟ. ಅಕ್ಕ ಹಿಡಿದು ನೋಡಿ, "ಅಪ್ಪ, ಇದು ಸ್ವೆಟರ್ ಹೆಣೆಯೋಕಾ, ಮುದ್ದೆ ತಿರುವೋಕಾ?" ಅಂದಳು. ಬೆಳಿಗ್ಗೆಯಿಂದ ಗಂಟು ಹಾಕಿಕೊಂಡಿದ್ದ ಅಮ್ಮನ ಮುಖದಲ್ಲೂ ನಗು ಬಂತು. ಎರಡನೇ ಜೋಡಿಗೆ ಸಿಬಿರು ಎದ್ದು ಉಲ್ಲನ್ ಸಿಕ್ಕಿಕೊಳ್ಳುತ್ತಿತ್ತು. ಮೂರನೆಯದನ್ನು ಅಪ್ಪ ಒಡೆದ ಗಾಜಿನ ಚೂರಿನಿಂದ ಕೆರೆದು, ಗೋಣಿತಾಟಿನಲ್ಲಿ ಉಜ್ಜಿ ಉಜ್ಜಿ ನುಣುಪು ಮಾಡಿದ.

"ಚೂರು ಎಣ್ಣೆ ಸವರಿದ್ರೆ ಚೆನ್ನಾಗಿ ಜಾರ್ತದೆ," ಅಂದಳು ಅಮ್ಮ. ಅವಳೂ ಈಗ ಮೆಲ್ಲಗೆ ಪಕ್ಕಕ್ಕೆ ಬಂದು ಕೂತಿದ್ದಳು.

"ಹುಳ ಜ್ವರದಾಗೈತೆ. ನಾನು ಎಣ್ಣೆ ಮುಟ್ಟೋಂಗಿಲ್ಲ," ಅಂದ ಅಪ್ಪ. ಎಣ್ಣೆ, ಹೊಗೆಸೊಪ್ಪು, ಸೀಮೆಎಣ್ಣೆ ಇವುಗಳ ವಾಸನೆಯ ಕೈ ಹುಳದ ಮನೆಗೆ ಹೋಗಕೂಡದು. ಹುಳ ಸಾಯುತ್ತವೆ ಅನ್ನುವ ಭಯ. ಅಪ್ಪ ಬೆಳೆ ಮುಗಿಯುವವರೆಗೆ ತಲೆಗೂ ಎಣ್ಣೆ ಹಚ್ಚುತ್ತಿರಲಿಲ್ಲ.

ಆಗ ಅಕ್ಕ ಏನು ಮಾಡಿದಳು ಗೊತ್ತೇ? ಜಡೆಯನ್ನು ಮುಂದಕ್ಕೆ ಎಳೆದುಕೊಂಡು, ಬಿದಿರು ಕಡ್ಡಿಯನ್ನು ಅದರೊಳಗೆ ತೂರಿಸಿ ಮೇಲಿಂದ ಕೆಳಗೆ ಎಳೆದಳು. ಹಿಂದಿನ ದಿನವಷ್ಟೇ ತಲೆಗೆ ಕೊಬ್ಬರಿ ಎಣ್ಣೆ ಹಾಕಿಕೊಂಡಿದ್ದಳು. ನಾಲ್ಕು ಸಲ ಎಳೆದದ್ದಕ್ಕೆ ಕಡ್ಡಿ ಮಿರಮಿರ ಮಿಂಚಿತು. ಉಲ್ಲನ್ನಿನ ಕುಣಿಕೆಗಳು ಹಿಂದಿನ ತುದಿಯಿಂದ ಜಾರಿ ಬೀಳಬಾರದಲ್ಲ, ಅದಕ್ಕೆ ಅಪ್ಪ ಮಾರಾಟಕ್ಕೆ ಬಾರದ ಎರಡು ರೇಷ್ಮೆಗೂಡುಗಳನ್ನು ತಂದುಕೊಟ್ಟ. ಅಕ್ಕ ಅವನ್ನು ಕಡ್ಡಿಗೊಂದರಂತೆ ಚುಚ್ಚಿ ಕೂರಿಸಿದಳು. ಬಿಳಿ ಟೋಪಿ ಹಾಕಿಕೊಂಡ ಎರಡು ಕಡ್ಡಿ!

ಅಕ್ಕ ಸೈಕಲ್ ಕಡ್ಡಿಯ ಮೇಲಿದ್ದ ಕುಣಿಕೆಗಳನ್ನು ಒಂದೊಂದಾಗಿ ಬಿದಿರಿಗೆ ದಾಟಿಸಿ ಹೆಣೆಯಲು ಶುರು ಮಾಡಿದಳು. ಈಗ ಟಿಣ್ ಟಿಣ್ ಇಲ್ಲ. ಟಕ್, ಟಕ್ ಅಂತ ಮೆತ್ತನೆಯ ಸದ್ದು. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ಅಪ್ಪ ತನ್ನ ಕೆಲಸ ಮುಗಿದಿದ್ದರೂ ಎದ್ದು ಹೋಗದೆ ನೋಡುತ್ತಿದ್ದ.

"ಹೆಂಗೈತಮ್ಮ?"

"ಹೂವಿದ್ದಂಗೈತೆ ಅಪ್ಪ," ಅಂದಳು ಅಕ್ಕ.

ಎಂಟು ಹತ್ತು ಸಾಲು ಆದ ಮೇಲೆ ನನಗೇ ಏನೋ ಸರಿಯಿಲ್ಲ ಅನ್ನಿಸಿತು. ಪಕ್ಕದ ಮನೆಯ ಅಜ್ಜಿ ಸುಣ್ಣ ಕೇಳಲು ಬಂದವಳು ಸ್ವೆಟರ್ ಎತ್ತಿ ಹಿಡಿದು ನಕ್ಕಳು. ಅವಳು ಮಾತಾಡುವುದು ತೆಲುಗಿನಲ್ಲೇ. "ಏಮೇ, ಕಿಂದ ಚೆಂಬು, ಪೈನ ಬಾನ!" ಕೆಳಗೆ ಚೊಂಬು, ಮೇಲೆ ಬಾನಿ ಅಂತ. ನಿಜ. ಸಣ್ಣ ಕಡ್ಡಿಯಲ್ಲಿ ಹೆಣೆದ ಕೆಳಭಾಗ ಬಿಗಿಯಾಗಿತ್ತು. ದಪ್ಪ ಕಡ್ಡಿಯಲ್ಲಿ ಕುಣಿಕೆ ದೊಡ್ಡದಾಗಿ ಮೇಲ್ಭಾಗ ಅಗಲಕ್ಕೆ ಬಿಟ್ಟುಕೊಂಡಿತ್ತು. ಅಪ್ಪ ಅಕ್ಕನ ಕೈಯ ಅಳತೆ ನೋಡಿದ್ದನೇ ಹೊರತು ಸ್ವೆಟರಿನ ಅಳತೆ ನೋಡಿರಲಿಲ್ಲ. ಅಕ್ಕನಿಗೆ ಅದು ಮೊದಲ ಸಾಲಿಗೇ ಗೊತ್ತಾಗಿರಬೇಕು.

"ಎಲ್ಲಾ ಬಿಚ್ಚಬೇಕಾ?" ಅಪ್ಪನ ದನಿ ಇಳಿದುಹೋಯಿತು.

"ಯಾಕೆ ಬಿಚ್ಚೋದು? ಇವಳು ಬೆಳೀತಾಳಲ್ಲ. ಎದೆ ಹತ್ರ ಸಡಿಲ ಇದ್ರೆ ಮುಂದಿನ ವರ್ಷಕ್ಕೂ ಆಗ್ತದೆ," ಅಂದಳು ಅಕ್ಕ. ಕಡ್ಡಿ ನಿಲ್ಲಿಸಲೇ ಇಲ್ಲ.

ಸಾಯಂಕಾಲ ಆಯಿತು. ರೈಲಿನ ಕೂಗು ಕೇಳಿಸಿದ ಮೇಲೆ ಅಕ್ಕ ತಂಬಿಗೆ ಹಿಡಿದು ಕೊಟ್ಟಿಗೆಗೆ ಹೋದಳು. ಅಮ್ಮ ಚೀಲವನ್ನು ಮತ್ತೆ ಸೊಂಟಕ್ಕೆ ಅವುಚಿಕೊಂಡು ಕಂಬಕ್ಕೆ ಒರಗಿ ನಿಂತಳು. ನಾನು ಕರುವಿನ ಹಗ್ಗ ಹಿಡಿದಿದ್ದೆ. ಅಪ್ಪ ಹುಳ ನೋಡುವ ನೆಪದಲ್ಲಿ ಎರಡು ಸಲ ಆ ಕಡೆ ಈ ಕಡೆ ಓಡಾಡಿದ. ಮೊದಲ ಹಸು ಸಾಧು, ಬೇಗ ಮುಗಿಯಿತು. ಎರಡನೆಯದರ ಕೆಚ್ಚಲು ಗಟ್ಟಿ. ಅಕ್ಕ ನಿಧಾನಕ್ಕೆ ಕರೆದಳು. ನಡುವೆ ಒಂದು ಸಲ ಸದ್ದು ನಿಂತಿತು. ನಾನು ಅಮ್ಮನನ್ನು ನೋಡಿದೆ, ಅಮ್ಮ ಹಸುವಿನ ಬೆನ್ನನ್ನು ನೋಡುತ್ತಿದ್ದಳು. ಮತ್ತೆ ಚರ್ರ್ ಚರ್ರ್ ಶುರುವಾಯಿತು. ಕೊನೆಗೆ ಅಕ್ಕ ನೊರೆ ತುಂಬಿದ ತಂಬಿಗೆ ಎತ್ತಿ ತೋರಿಸಿ, "ಆಯ್ತಮ್ಮ," ಅಂದಳು.

ಅಮ್ಮ ಬಗ್ಗಿ ನೋಡಿದಳು. ಚೀಲವನ್ನು ನನ್ನ ಕೈಗೆ ಕೊಟ್ಟು, "ಹೋಗೇ, ನಿಮ್ಮಕ್ಕನಿಗೆ ಕೊಡು," ಅಂದಳು. ಅಪ್ಪ ಹುಳದ ಮನೆಯಿಂದಲೇ, "ಹುಳ ಜ್ವರ ಬಿಟ್ಟು ಎದ್ದವೆ!" ಅಂತ ಕೂಗಿದ. ಅಷ್ಟು ಖುಷಿಯ ದನಿಯಲ್ಲಿ ಅವನು ಹುಳದ ಸುದ್ದಿ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಎಳ್ಳು ಬೀರುವ ದಿನ ಆ ಚೊಂಬು-ಬಾನಿ ಸ್ವೆಟರ್ ತೊಟ್ಟು ಊರೆಲ್ಲ ಸುತ್ತಿದೆ. ಅದಕ್ಕೆ ಕೊಬ್ಬರಿ ಎಣ್ಣೆಯ ವಾಸನೆ ಇತ್ತು.

ಕತೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ನನ್ನ ನೆನಪಿನಲ್ಲಿ ಇನ್ನೊಂದು ಚಿತ್ರ ಇದೆ. ಬಚ್ಚಲ ಒಲೆಯ ಪಕ್ಕ ಒಂದು ಉಪ್ಪಿನ ಗಂಟು. ಕಲ್ಲುಪ್ಪನ್ನು ಹುರಿದು ಬಟ್ಟೆಯಲ್ಲಿ ಕಟ್ಟಿ, ನೋವಿದ್ದ ಕಡೆ ಶಾಖ ಕೊಡುವ ಗಂಟು. ನಾನು ಮುಟ್ಟಿದಾಗ ಅದು ಬಿಸಿಯಾಗಿತ್ತು, ಕಟ್ಟಿದ್ದ ಬಟ್ಟೆ ಅಕ್ಕನ ಹಳೆಯ ದಾವಣಿಯದು. ಇದು ಆ ಭಾನುವಾರಕ್ಕೆ ಮುಂಚಿನದೋ ಆಮೇಲಿನದೋ ಎಷ್ಟು ಯೋಚಿಸಿದರೂ ಗೊತ್ತಾಗುತ್ತಿಲ್ಲ. ಮುಂಚಿನದಾದರೆ ಅಪ್ಪ ಗೆದ್ದ. ಆಮೇಲಿನದಾದರೆ, ಅಪ್ಪನ ಮುಖ ನೋಡಿ, ನನ್ನ ಹಟ ನೋಡಿ, ಅಕ್ಕ ನೋವಿದ್ದೂ ಬಾಯಿ ಮುಚ್ಚಿಕೊಂಡು ಹೆಣೆದಳು.

ಮಕ್ಕಳೇ, ಈಗ ನನ್ನ ಹೆಬ್ಬೆರಳಿನ ಬುಡವೂ ನೋಯುತ್ತದೆ. ಹೋದ ಚಳಿಗಾಲದಲ್ಲಿ ನೀವು ಫೋನಿನಲ್ಲೇ ಹುಡುಕಿ ನನಗೆ ಕಡ್ಡಿ ತರಿಸಿದಿರಿ. ಕೋಲಾರದ ನಮ್ಮ ಮನೆ ಬಾಗಿಲಿಗೇ ಡಬ್ಬ ಬಂತು. ಸ್ಟೀಲು, ಪ್ಲಾಸ್ಟಿಕ್ಕು, ಬಿದಿರು, ಎಲ್ಲ ದಪ್ಪದವು. ಎರಡು ಕಡ್ಡಿಗಳ ನಡುವೆ ತಂತಿ ಇರುವ ಜೋಡಿಯೂ ಇತ್ತು. ಅದರಲ್ಲಿ ಸ್ವೆಟರಿನ ಭಾರ ಮಣಿಕಟ್ಟಿಗೆ ಬೀಳದೆ ಮಡಿಲಿಗೆ ಬೀಳುತ್ತದೆ. ನೀವು ನನ್ನನ್ನು ಎದುರಿಗೆ ಕೂರಿಸಿಕೊಂಡು ಒಂದೊಂದೇ ಕೈಗೆ ಕೊಟ್ಟಿರಿ. ನಿಮ್ಮಲ್ಲಿ ಚಿಕ್ಕವಳು ನನ್ನ ಹೆಬ್ಬೆರಳನ್ನು ಮುಟ್ಟಿ, "ಅಜ್ಜಿ, ಇಲ್ಲಿ ಲೂಸ್ ಆಯ್ತಾ?" ಅಂದಳು. ನನ್ನ ಅಪ್ಪನನ್ನು ಅವಳು ನೋಡಿಯೂ ಇಲ್ಲ. ನಾನು ತಂತಿ ಇದ್ದ ಬಿದಿರಿನ ಜೋಡಿ ಸಾಕು ಅಂದೆ. "ನೋವಾದ್ರೆ ಹೇಳಜ್ಜಿ, ವಾಪಸ್ ಕಳಿಸಿದ್ರೆ ಆಯ್ತು," ಅಂದ ದೊಡ್ಡವನು. ಎಷ್ಟು ಸುಲಭವಾಗಿ ಅಂದ! ಅಪ್ಪ ಮೂರು ಸಲ ಹೆರೆದು ಕೊಟ್ಟ ಕಡ್ಡಿಯನ್ನು ಅಕ್ಕ ಯಾರಿಗೆ ವಾಪಸ್ ಕಳಿಸಬೇಕಿತ್ತು?

ಹೋದ ತಿಂಗಳು ಶ್ರೀನಿವಾಸಪುರಕ್ಕೆ ಅಕ್ಕನ ಮನೆಗೆ ಹೋಗಿದ್ದಾಗ ಅದೇ ಥರದ ಒಂದು ಜೋಡಿ ತೆಗೆದುಕೊಂಡು ಹೋಗಿದ್ದೆ. ಅವಳು ಹಿಂದೆ ಮುಂದೆ ತಿರುಗಿಸಿ ನೋಡಿ, ತನ್ನ ಬಿಳಿ ಕೂದಲಿನ ತೆಳು ಜಡೆಯೊಳಗೆ ಒಂದು ತುದಿಯನ್ನು ತೂರಿಸಿ ಎಳೆದಳು. ಆಗ ಕೇಳಿಯೇ ಬಿಟ್ಟೆ. ಅವಳು ನಕ್ಕು, "ಸ್ವೆಟರ್ ನೀಲಿ ಕಣೇ, ಮೊದಲು ಅದನ್ನ ಒಪ್ಕೊ," ಅಂದಳು. ಮೊನ್ನೆ ಭಾನುವಾರ ಫೋನಿನಲ್ಲಿ ಮತ್ತೆ ಕೇಳಿದೆ. "ಇರೇ, ಒಲೆ ಮೇಲೆ ಹಾಲು ಉಕ್ತಾ ಐತೆ," ಅಂತ ಫೋನ್ ಇಟ್ಟುಬಿಟ್ಟಳು.

ನಾನು ಕೇಳಿದ್ದು ಇಷ್ಟೇ: "ಆ ಸಾಯಂಕಾಲ ಎರಡನೇ ಹಸು ಕರೆಯುವಾಗ ನಿನ್ನ ಕೈ ನೋಯ್ತಿತ್ತಾ ಅಕ್ಕ?"