ಅಳಲೆಕಾಯಿ ಬಿಡದ ಅತ್ತಜ್ಜಿ

ಕೈಗುಣವಿಲ್ಲದ ವೈದ್ಯನನ್ನು ‘ಅಳಲೆಕಾಯಿ ಪಂಡಿತ’ ಎಂದು ಹೀಯಾಳಿಸುವುದು ನಮ್ಮ ಜನರ ರೂಢಿ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಇಂದಿಗೂ ಮೈ ಉರಿಯುತ್ತದೆ. ಅಳಲೆಕಾಯಿ ಏನೆಂದು ತಿಳಿಯದವರು ಕಟ್ಟಿದ ಮಾತು ಅದು. ನನಗೆ ತಿಳಿದಿದೆ. ಎಪ್ಪತ್ತರ ದಶಕದ ಕಾಶಿಯಲ್ಲಿ, ನಮ್ಮ ಅತ್ತಜ್ಜಿಯ ಕೋಣೆಯಲ್ಲಿ ಕೂತು ತಿಳಿದುಕೊಂಡಿದ್ದೇನೆ.

ಅತ್ತಜ್ಜಿ ಎಂದರೆ ನನ್ನ ತಂದೆಯ ಸೋದರತ್ತೆ. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು, ಇನ್ನೂ ಹುಡುಗಿಯಾಗಿರುವಾಗಲೇ ತಲೆ ಬೋಳಿಸಿಕೊಂಡು ಕೆಂಪು ಸೀರೆ ಉಟ್ಟವಳು. ಅಣ್ಣತಮ್ಮಂದಿರ ಮನೆಗಳಲ್ಲಿ ಹಪ್ಪಳ ಒತ್ತಿ, ಬಾಣಂತನ ಮಾಡಿ, ಎಲ್ಲರ ಮಕ್ಕಳನ್ನೂ ಎತ್ತಿ ಆಡಿಸಿ, ಕೊನೆಗೆ ಇನ್ನು ಯಾರ ಹಂಗೂ ಬೇಡವೆಂದು ಕಾಶಿಗೆ ಬಂದಳು. ಕೇದಾರ ಘಾಟಿನ ಹಿಂದಿನ ಗಲ್ಲಿಯಲ್ಲಿ ನಮ್ಮ ಕಡೆಯವರ ಒಂದು ಛತ್ರವಿತ್ತು. ಅಲ್ಲಿ ಅವಳಿಗೊಂದು ಕೋಣೆ ಸಿಕ್ಕಿತು. ನಾವಿದ್ದದ್ದು ಭೇಲೂಪುರದ ಬಾಡಿಗೆ ಮನೆಯಲ್ಲಿ. ಅಪ್ಪನ ಕಚೇರಿಯೂ ಅಲ್ಲೇ. ನಮ್ಮ ಜೊತೆಗೇ ಇರು ಎಂದು ಅಪ್ಪ ಎಷ್ಟು ಕರೆದರೂ ಅವಳು ಒಪ್ಪಲಿಲ್ಲ.

“ಹುಟ್ಟಿದ ಮೇಲೆ ಮೊದಲ ಸಲ ನನ್ನದು ಅಂತ ಒಂದು ಬಾಗಿಲು ಸಿಕ್ಕಿದೆ ಕಣೋ. ಒಳಗಿಂದ ಚಿಲಕ ಹಾಕ್ಕೋಬಹುದು. ಇದನ್ನ ಬಿಟ್ಟು ಎಲ್ಲಿಗೂ ಬರಲ್ಲ,” ಎಂದಳು.

ಆ ಬಾಗಿಲೊಳಗಿನ ಗೂಡಿನಲ್ಲಿ ಒಂದು ಭರಣಿ ತುಂಬ ಅಳಲೆಕಾಯಿ. ಅದರ ಬೀಜ ತೆಗೆದು, ಸಿಪ್ಪೆ ಜಜ್ಜಿ, ಮಣ್ಣಿನ ಕುಡಿಕೆಯಲ್ಲಿ ನೆನೆಹಾಕಿ ಮರುದಿನ ಬಟ್ಟೆಯಲ್ಲಿ ಸೋಸುತ್ತಿದ್ದಳು. ಚಹಾದ ಬಣ್ಣದ, ನಾಲಗೆ ಮುದುಡಿಸುವ ಒಗರು ನೀರು. ವಸಡಿನಲ್ಲಿ ರಕ್ತ ಬಂದರೆ ಅದರಲ್ಲಿ ಬಾಯಿ ಮುಕ್ಕಳಿಸಬೇಕು. ಬೆವರುಸಾಲೆಗೆ ಅದನ್ನೇ ಹಚ್ಚಬೇಕು. ಜಿಡ್ಡುಮುಖದವರು ಅದರಲ್ಲೇ ಮುಖ ತೊಳೆಯಬೇಕು. “ತಾಯಿ ಇಲ್ಲದೋರಿಗೆ ಅಳಲೆಕಾಯೇ ತಾಯಿ,” ಎನ್ನುತ್ತಿದ್ದಳು. ಅವಳಿಗೆ ತಾಯಿ ತೀರಿಹೋಗಿ ಎಷ್ಟು ಕಾಲವಾಗಿತ್ತೋ.

ನಾನಾಗ ಕಾಲೇಜಿನಲ್ಲಿದ್ದೆ. ಮೊಡವೆಗಳಿಂದ ನನ್ನ ಮುಖ ಹಾಗಲಕಾಯಿಯ ಸಿಪ್ಪೆಯಂತಿತ್ತು. ಅತ್ತಜ್ಜಿ ಹತ್ತಿಯನ್ನು ಆ ನೀರಿನಲ್ಲಿ ಅದ್ದಿ ಒತ್ತುತ್ತಿದ್ದಳು; ಚರ್ಮ ಬಿಗಿದು ತಣ್ಣಗಾಗುತ್ತಿತ್ತು. ನನಗೋ ಅವಸರ. ಒಂದು ದಿನ ಮನೆಯಲ್ಲಿ ನಾನೇ ಅಳಲೆಕಾಯಿಯನ್ನು ಕಬ್ಬಿಣದ ಬಾಂಡ್ಲೆಯಲ್ಲಿ ಕುದಿಸಿ, ಕಪ್ಪಾದಷ್ಟೂ ಸತ್ವ ಹೆಚ್ಚು ಎಂದುಕೊಂಡು ಮುಖಕ್ಕೆಲ್ಲ ಬಳಿದುಕೊಂಡೆ. ಒಲೆಯ ಹಿಂದಿನ ಗೋಡೆಯಾಯಿತು ಮುಖ. ದುಪಟ್ಟಾದಲ್ಲಿ ಮುಚ್ಚಿಕೊಂಡು ಅತ್ತಜ್ಜಿಯ ಹತ್ತಿರ ಓಡಿದೆ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ಕಬ್ಬಿಣ ತಾಕಿದ್ರೆ ಅಳಲೆ ಮಸಿ ಆಗುತ್ತೆ ಕಣೇ ಪೆದ್ದಿ. ಅದನ್ನ ಹಚ್ಚೋದು ನರೆತ ಕೂದಲಿಗೆ, ಮುಖಕ್ಕಲ್ಲ.”

ಹೇಳುತ್ತಲೇ ಅವಳ ಕೈ ಸೆರಗಿನೊಳಗೆ ತನ್ನ ತಲೆಯ ಮೇಲೆ ಹೋಯಿತು. ನಗು ಅಲ್ಲಿಗೆ ನಿಂತಿತು.

ಆ ತಲೆಯ ಮೇಲೆ ಗಾಯವಿಲ್ಲದ ದಿನವೇ ಇರಲಿಲ್ಲ. ಹರಿಶ್ಚಂದ್ರ ಘಾಟಿಗೆ ಹೋಗುವ ದಾರಿಯ ಮೆಟ್ಟಿಲ ಮೇಲೆ ಬಿದಿರಿನ ಕೊಡೆ ನೆಟ್ಟುಕೊಂಡು ಒಬ್ಬ ನಾಯಿ ಕೂರುತ್ತಿದ್ದ. ಅಲ್ಲಿ ಕ್ಷೌರಿಕನನ್ನು ಹಾಗೇ ಕರೆಯುವುದು. ಅಪ್ಪನಿಗೋ ಅಮ್ಮನಿಗೋ ಬೆಂಕಿಯಿಡಲು ಬಂದ ಗಂಡುಮಕ್ಕಳ ತಲೆ ಬೋಳಿಸಿದ ಕತ್ತಿಯನ್ನೇ ಕಲ್ಲಿಗೆ ಉಜ್ಜಿ, ಛತ್ರದ ಮಡಿ ಹೆಂಗಸರ ತಲೆಗೂ ಇಡುತ್ತಿದ್ದ. ಕೆಟ್ಟವನಲ್ಲ. ಆದರೆ ಕತ್ತಿ ಮೊಂಡು. ಅತ್ತಜ್ಜಿಯ ನೆತ್ತಿಯಲ್ಲಿ ಗೀರು ಬಿದ್ದು ಕೀವಾಗುತ್ತಿತ್ತು. ಆಗ ಅಳಲೆ ನೀರು ಒತ್ತುವ ಸರದಿ ನನ್ನದು. ಉರಿಗೆ ಅವಳು ಹಲ್ಲು ಕಚ್ಚಿಕೊಂಡು ಕೂರುತ್ತಿದ್ದಳು. ಗಾಯ ಮಾಗುವ ಹೊತ್ತಿಗೆ ಮತ್ತೆ ಕತ್ತಿ.

ಅವಳ ಮುಖ ಮಾತ್ರ ಆ ವಯಸ್ಸಿನಲ್ಲೂ ತೊಳೆದಿಟ್ಟ ಬೆಳ್ಳಿ ಬಟ್ಟಲು. ಅದನ್ನು ನೋಡಿಯೇ ಸುತ್ತಲಿನ ಹೆಂಗಸರು ಬರತೊಡಗಿದರು. ನಮ್ಮ ಕಡೆಯ ಸೊಸೆಯಂದಿರು, ಪಕ್ಕದ ಗಲ್ಲಿಯ ಬಂಗಾಳಿ ತಾಯಂದಿರು, ಲೋಟ ಹಿಡಿದು ಬಾಗಿಲಲ್ಲಿ ನಿಲ್ಲುವರು. ಛತ್ರದ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ರಾಯರ ಹೆಂಡತಿಯೂ ಹಿಂಬಾಗಿಲಿನಿಂದ ಒಯ್ಯುತ್ತಿದ್ದರು. ಅದು ರಾಯರ ಮೂಲವ್ಯಾಧಿಗೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಯಾರಿಗೂ ಗೊತ್ತಿಲ್ಲ ಎಂದೇ ರಾಯರು ನಂಬಿದ್ದರು.

ಕಾರ್ತಿಕ ಮಾಸ ಹತ್ತಿರ ಬಂದಾಗ ಒಂದು ಸಂಜೆ ರಾಯರು ಬಂದು ಅಂಗಳದಲ್ಲಿ ನಿಂತರು. ಅಂಗಳದ ತುಂಬ ಜನ ಇದ್ದರು. ಅಂಥ ಹೊತ್ತನ್ನೇ ಅವರು ಆರಿಸಿಕೊಂಡಿದ್ದರು.

“ನೋಡಿ ಅಮ್ಮ, ಇದು ಕಾಶಿಗೆ ಸಾಯೋಕೆ ಬಂದೋರು ಇರೋ ಜಾಗ. ಇಲ್ಲಿ ಅಳಲೆಕಾಯಿ ಪಂಡಿತಿಕೆ ಬೇಡ. ಮಡಿ ಹೆಂಗಸಿಗೆ ಮುಖದ ಕಾಂತಿ ಯಾಕೆ? ನೋಡಿದೋರು ಏನಂದಾರು?”

“ಸಾಯೋವರೆಗೂ ಈ ಮುಖ ನನ್ನ ಜೊತೆಗೇ ಇರಬೇಕಲ್ಲ ರಾಯರೇ,” ಎಂದಳು ಅತ್ತಜ್ಜಿ.

ರಾಯರ ದನಿ ಏರಿತು. ಕಾಶಿಗೆ ಬಂದವರು ತಮಗೆ ಪ್ರಿಯವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಗಂಗೆಯ ಮುಂದೆ ಬಿಡಬೇಕೆಂಬ ಪದ್ಧತಿ ಎಲ್ಲರಿಗೂ ತಿಳಿದದ್ದೇ. ಒಮ್ಮೆ ಬಿಟ್ಟರೆ ಮತ್ತೆ ಆ ಜನ್ಮದಲ್ಲಿ ಮುಟ್ಟುವಂತಿಲ್ಲ. ಅತ್ತಜ್ಜಿ ಬಂದ ಹೊಸದರಲ್ಲಿ, “ಬಿಡೋಕೆ ನನ್ನ ಹತ್ತಿರ ಏನಿದೆ?” ಎಂದು ಏನನ್ನೂ ಬಿಟ್ಟಿರಲಿಲ್ಲ. ರಾಯರು ಅದನ್ನೇ ಹಿಡಿದುಕೊಂಡರು.

“ಕಾರ್ತಿಕ ಸೋಮವಾರ ಭಟ್ಟರ ಮುಂದೆ ನೀರಿಗಿಳಿದು ಬಿಡೋದನ್ನ ಬಿಡಿ. ಇಲ್ಲಾಂದ್ರೆ ಕೋಣೆ ಬಿಡಿ.”

ನನಗೆ ಅಳು ಬಂತು. ಕೋಣೆ ಹೋದರೆ ಅವಳು ಮತ್ತೆ ಯಾರದಾದರೂ ಮನೆಯ ಅಡುಗೆಮನೆ ಮೂಲೆಯೇ. ಅಳಲೆಕಾಯಿ ಹೋದರೆ ಅವಳ ಕೈಯಲ್ಲಿ ಉಳಿಯುವುದು ಏನು? ಮೂಲವ್ಯಾಧಿಯ ಸುದ್ದಿಯನ್ನು ಅಲ್ಲೇ ಅಂಗಳದಲ್ಲಿ ಒದರಿಬಿಡೋಣವೆಂದು ಬಾಯಿ ತೆರೆದೆ. ಅತ್ತಜ್ಜಿ ನನ್ನ ತೊಡೆ ಚಿವುಟಿದಳು.

“ಆಗಲಿ ರಾಯರೇ, ಬಿಡ್ತೀನಿ,” ಎಂದಳು.

ಅವಳು ಸೋತಳೆಂದು ನಾನು ಆ ವಾರವೆಲ್ಲ ಅವಳೊಡನೆ ಸರಿಯಾಗಿ ಮಾತಾಡಲಿಲ್ಲ.

ಸೋಮವಾರ ಕೇದಾರ ಘಾಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಛತ್ರದ ಹೆಂಗಸರೆಲ್ಲ ಬಂದಿದ್ದರು. ರಾಯರು ಮೇಲಿನ ಮೆಟ್ಟಿಲಲ್ಲಿ ಶಾಲು ಹೊದ್ದು ನಿಂತಿದ್ದರು. ಅತ್ತಜ್ಜಿ ಸೊಂಟದ ಮಟ್ಟ ನೀರಿಗಿಳಿದು ಬೊಗಸೆಯಲ್ಲಿ ಗಂಗೆ ಹಿಡಿದಳು. ಭಟ್ಟರು ಸಂಕಲ್ಪ ಹೇಳಿಸಿ, “ಏನು ಬಿಡ್ತೀರಮ್ಮ?” ಎಂದು ಕೇಳಿದರು.

“ಕ್ಷೌರ,” ಎಂದಳು ಅತ್ತಜ್ಜಿ. “ನಾಯಿಯ ಕತ್ತಿ ಬಿಟ್ಟೆ ಭಟ್ಟರೇ. ಇನ್ನು ಈ ಜನ್ಮದಲ್ಲಿ ಅದು ನನ್ನ ತಲೆ ಮುಟ್ಟೋ ಹಾಗಿಲ್ಲ.” ಯಾರಾದರೂ ಬಾಯಿ ತೆರೆಯುವ ಮೊದಲೇ ಬೊಗಸೆ ಬಿಚ್ಚಿದಳು. ನೀರು ನೀರಿಗೆ ಸೇರಿತು.

ರಾಯರು ಎರಡು ಮೆಟ್ಟಿಲು ಇಳಿದು ಬಂದರು. “ಇದೆಂಥ ಅನಾಚಾರ. ಬಿಡಬೇಕಾದ್ದು ಪ್ರಿಯವಾದದ್ದನ್ನ. ಕ್ಷೌರ ನಿಮಗೆ ಪ್ರಿಯವೇ?”

ಅತ್ತಜ್ಜಿ ನೀರಿನಲ್ಲೇ ನಿಂತು ತಲೆಯೆತ್ತಿ ನೋಡಿದಳು. “ನೀವು ಹಾಗಲಕಾಯಿ ಬಿಟ್ಟಿದ್ದೀರಿ ರಾಯರೇ. ಅಷ್ಟೊಂದು ಪ್ರಿಯವಾಗಿತ್ತೇ?”

ಹೆಂಗಸರ ನಡುವೆ ಯಾರೋ ಕಿಸಕ್ಕೆಂದರು. ಅದು ರಾಯರ ಹೆಂಡತಿಯೇ ಎಂದು ನಾನು ಇಂದಿಗೂ ಆಣೆಯಿಟ್ಟು ಹೇಳಬಲ್ಲೆ. ರಾಯರು ಭಟ್ಟರ ಮುಖ ನೋಡಿದರು. ಭಟ್ಟರು ಪಂಚೆ ಹಿಂಡುತ್ತ, “ನೀರು ಬಿಟ್ಟಾಯ್ತು ರಾಯರೇ. ಗಂಗೆಗೆ ಬಿಟ್ಟದ್ದನ್ನ ವಾಪಸು ತಗೊಳ್ಳೋ ಮಂತ್ರ ನನಗೆ ಬರಲ್ಲ,” ಎಂದರು.

ಕೋಣೆ ಉಳಿಯಿತು. ಆದರೆ ಸುಮ್ಮನೆ ಉಳಿಯಲಿಲ್ಲ. ಕೂದಲು ಬಿಟ್ಟವಳೆಂದು ಛತ್ರದ ಅಡುಗೆಮನೆಗೆ ಅವಳನ್ನು ಸೇರಿಸಲಿಲ್ಲ. ಪಂಕ್ತಿಯಲ್ಲೂ ಎಲೆ ಹಾಕಲಿಲ್ಲ. ಅವಳು ಬಾಗಿಲ ಬಳಿ ಒಂದು ಇದ್ದಿಲ ಒಲೆ ಹೂಡಿಕೊಂಡು ತನ್ನ ಪಾಡಿಗೆ ಬೇಯಿಸಿಕೊಂಡಳು. ಕೆಲವು ಹಳೆಯ ಗೆಳತಿಯರು ಮಾತು ಬಿಟ್ಟರು. ಅದರಿಂದ ಅವಳಿಗೆ ನೋವಾಯಿತು. ನೋವಾಗಲಿಲ್ಲ ಎಂದು ನಾನು ಸುಳ್ಳು ಬರೆಯುವುದಿಲ್ಲ. ಹಿಂಬಾಗಿಲಿನ ಲೋಟ ಮಾತ್ರ ಬರುವುದು ನಿಲ್ಲಲಿಲ್ಲ. ಅತ್ತಜ್ಜಿ ಅದನ್ನು ತುಂಬಿಸಿ ಕಳಿಸುವುದನ್ನೂ ನಿಲ್ಲಿಸಲಿಲ್ಲ.

ಒಂದು ದಿನ ನಾವಿಬ್ಬರೂ ಮೆಟ್ಟಿಲಿಳಿಯುವಾಗ ಬಿದಿರಿನ ಕೊಡೆಯ ಕೆಳಗಿನಿಂದ ನಾಯಿ ಬಂದು ಕೂರಿ ಎಂದು ಕರೆದ. “ಆಯಿಯೇ ಮಾಯೀ, ಬೈಠಿಯೇ.”

“ಅಬ್ ನಹೀಂ ಭೈಯಾ. ಗಂಗಾಜೀ ಮೇಂ ಛೋಡ್ ದಿಯಾ,” ಎಂದಳು.

ಗಂಗೆಯಲ್ಲಿ ಬಿಟ್ಟೆ ಎಂದ ಮೇಲೆ ಕಾಶಿಯವನಿಗೆ ಬೇರೆ ವಿವರಣೆ ಬೇಕಿಲ್ಲ. ಅವನು ಕತ್ತಿ ಕೆಳಗಿಟ್ಟು ಕೈಮುಗಿದ.

ಚಳಿ ಕಳೆಯುವ ಹೊತ್ತಿಗೆ ನೆತ್ತಿಯ ಗಾಯಗಳೆಲ್ಲ ಒಣಗಿ, ಮೇಲೆ ಒಂದಂಗುಲ ಕೂದಲು ಬಂದಿತ್ತು. ಬಾಗಿಲ ಚಿಲಕ ಹಾಕಿ ಅತ್ತಜ್ಜಿ ನನ್ನ ಮುಂದೆ ಸೆರಗು ಸರಿಸಿದಳು.

“ಯಾವ ಬಣ್ಣ ಇದೆ ನೋಡಿ ಹೇಳೇ. ಕೊನೇ ಸಲ ನಾನು ನೋಡಿದಾಗ ಕರ್‍ರಗಿತ್ತು.”

“ಬೆಳ್ಳಗಿದೆ ಅತ್ತಜ್ಜಿ. ಪೂರ್ತಿ ಬೆಳ್ಳಗೆ. ಕಬ್ಬಿಣದ ಬಾಂಡ್ಲೆಯಲ್ಲಿ ಅಳಲೆ ಕುದಿಸಿ ತರಲಾ?”

ಅವಳು ಸ್ವಲ್ಪ ಹೊತ್ತು ಅಂಗೈಯಿಂದ ತಲೆ ಸವರಿಕೊಂಡಳು. “ಬೇಡ. ಇಷ್ಟು ದಿನ ಆದಮೇಲೆ ಬಂದಿದೆ. ಹೇಗೆ ಬಂದಿದೆಯೋ ಹಾಗೇ ಇರಲಿ,” ಎಂದಳು. ಆಮೇಲೆ ನನ್ನ ಕಾಲೇಜಿನ ಚೀಲದ ಕಡೆ ಕೈ ಚಾಚಿದಳು. “ನಿನ್ನ ಬಾಚಣಿಗೆ ಕೊಡು.”

ಬಾಚಲು ಅಲ್ಲಿ ಏನೂ ಇರಲಿಲ್ಲ. ಆದರೂ ಅವಳು ಹಣೆಯಿಂದ ಹಿಂದಕ್ಕೆ, ಮತ್ತೆ ಹಣೆಯಿಂದ ಹಿಂದಕ್ಕೆ, ಕಣ್ಣು ಮುಚ್ಚಿಕೊಂಡು ಬಾಚಿದಳು. ಬಾಚಣಿಗೆಯನ್ನು ಅಳಲೆಕಾಯಿಯ ಭರಣಿಯ ಪಕ್ಕದಲ್ಲಿ ಇಟ್ಟುಕೊಂಡಳು. ನಾನು ಅದನ್ನು ವಾಪಸು ಕೇಳಲಿಲ್ಲ.