ಅರ್ಧ ಗಡ್ಡದ ನಿರ್ದೇಶಕರು

ಬೇರೆ ಗ್ರಹದ ಜನರ ಬಗೆಗಿನ ಒಂದು ಹಳೆಯ ಕಾದಂಬರಿ ಸಿನಿಮಾ ಆಗಲೇಬೇಕೆಂಬುದು ಒಬ್ಬ ಕ್ಷೌರಿಕನ ಇಪ್ಪತ್ತು ವರ್ಷಗಳ ಹಟ. ಕುರ್ಚಿಯಲ್ಲಿ ಕೂತವರಿಗೆಲ್ಲ ಅದರ ಕಥೆ ಹೇಳುತ್ತಿದ್ದ.

“ಕೂದಲು ಕತ್ತರಿಸಿಕೊಳ್ಳೋಕೆ ಬಂದವರ ತಲೆ ತಿಂತೀರಲ್ರೀ!” ಎಂದು ಹೆಂಡತಿ ರೇಗುತ್ತಿದ್ದಳು.

ಒಂದು ಬೆಳಿಗ್ಗೆ ಸಿನಿಮಾ ನಿರ್ದೇಶಕರೊಬ್ಬರು ಗಡ್ಡ ತೆಗೆಸಲು ಬಂದರು. ಒಂದು ಕೆನ್ನೆ ಮುಗಿಯುತ್ತಲೇ ಇವನು ಕಥೆ ಶುರು ಮಾಡಿದ. ಕತ್ತಿ ಗಂಟಲ ಬಳಿಯೇ ಇದ್ದುದರಿಂದ ಅವರು ತುಟಿ ಪಿಟಕ್ಕೆನ್ನಲಿಲ್ಲ. ಕಥೆ ಮುಗಿಯುವಷ್ಟರಲ್ಲಿ ಇನ್ನೊಂದು ಕೆನ್ನೆಯ ನೊರೆ ಒಣಗಿತ್ತು, ಅವರ ಕಣ್ಣು ಅರಳಿತ್ತು.

“ಖಂಡಿತ ಮಾಡ್ತೀನಿ. ನಿಮಗೇನು ಬೇಕು?”

“ನಟರಿಗೆಲ್ಲ ನನ್ನದೇ ಕಟಿಂಗ್ ಇರಬೇಕು, ಸಾರ್.”

“ಆ ಗ್ರಹದವರಿಗೆ ಕೂದಲೇ ಇಲ್ಲ ಅಂದ್ರಲ್ಲ!”

ಅವನು ಕತ್ತಿ ಬದಿಗಿಟ್ಟ. “ನಟರಿಗೆ ಇರುತ್ತಲ್ಲ ಸಾರ್! ಅಷ್ಟೂ ತಲೆ ಬೋಳಿಸೋರು ಯಾರು?”

ನಿರ್ದೇಶಕರು ನಗುತ್ತ ಚಾಚಿದ ಕೈಯನ್ನು ಅವನು ಸೋಪಿನ ಕೈಯಲ್ಲೇ ಕುಲುಕಿದ.