ಹುಳುಮನೆಗೆ ಹೋದ ಎಂಟು ದಿನದ ಮಾತ್ರೆ

ನಾನು ನಿಂತಿದ್ದದ್ದು ಕೋಲಾರದ ಒಬ್ಬ ಮಕ್ಕಳ ಡಾಕ್ಟರ ಮೇಜಿನ ಎಡಕ್ಕೆ, ಕಿಟಕಿಗೆ ಬೆನ್ನು ಮಾಡಿ. ತುರ್ತುಪರಿಸ್ಥಿತಿ ಮುಗಿದ ಮರುವರ್ಷ, ಯುಗಾದಿ ಕಳೆದ ಮೊದಲ ಸೋಮವಾರ, ಬೆಳಿಗ್ಗೆ ಹನ್ನೊಂದರ ಸುಮಾರು. ನನ್ನ ಎದುರಿಗೆ ನಮ್ಮೂರಿನ ಸೂಲಗಿತ್ತಿ ಅಜ್ಜಿ, ಅವಳ ಪಕ್ಕದಲ್ಲಿ ಬಾಣಂತಿ ಮಗಳು, ಬಾಗಿಲ ಬಳಿ ನನ್ನ ಅಕ್ಕ. ಮಗು ಒಳಗಿನ ಕೋಣೆಯಲ್ಲಿತ್ತು. ಡಾಕ್ಟರು ನನ್ನನ್ನು ಒಂದು ಪ್ರಶ್ನೆ ಕೇಳಿದರು. ನಾನು ಸುಳ್ಳು ಹೇಳಿದೆ. ಅದು ಏನೆಂದು ತಿಳಿಯಲು ಮೂರು ತಿಂಗಳು ಹಿಂದಕ್ಕೆ ಹೋಗಬೇಕು.

ಆಗ ನಾನು ಬೈರಕೂರಿನ ಆಚೆಗಿನ ನಮ್ಮೂರಿನಲ್ಲೇ ಕಾಂಪೌಂಡರ್. ಊರಿಗೆ ಡಾಕ್ಟರು ಬರುತ್ತಿದ್ದದ್ದು ವಾರಕ್ಕೆ ಎರಡು ದಿನ. ಉಳಿದ ದಿನ ಔಷಧಿಯ ಬೀರುವಿನ ಕೀಲಿ ನನ್ನ ಬಳಿ. ಅಜ್ಜಿಗೆ ಟೈಫಾಯ್ಡ್ ಬಂದಾಗ ಡಾಕ್ಟರು ಹದಿನಾಲ್ಕು ದಿನದ ಕ್ಯಾಪ್ಸೂಲ್ ಬರೆದಿದ್ದರು. ದಿನದಿನದ್ದನ್ನು ನಾನೇ ಕೊಡುತ್ತಿದ್ದೆ.

ಅದೇ ವಾರ ಅಕ್ಕನ ರೇಷ್ಮೆಹುಳುಗಳಿಗೆ ಸಪ್ಪೆರೋಗ ತಗುಲಿತ್ತು.

"ಹುಳ ಸೊಪ್ಪು ಮುಟ್ತಿಲ್ಲ ಕಣೋ. ತಟ್ಟೆ ತಟ್ಟೆನೇ ಮೆತ್ತಗಾಗ್ತಾ ಇದೆ" ಎಂದಳು ಅಕ್ಕ. "ಟೈಫಾಯ್ಡ್ ಮಾತ್ರೆ ನೀರಲ್ಲಿ ಕದಡಿ ಸೊಪ್ಪಿಗೆ ಚಿಮುಕಿಸಿದ್ರೆ ನಿಲ್ತದಂತೆ. ಆವನಿ ಕಡೆ ಎಲ್ಲಾ ಹಂಗೇ ಮಾಡ್ತಾರಂತೆ."

"ಅದು ಮನುಷ್ಯರಿಗೆ ಅಕ್ಕ."

"ಹುಳ ಏನು ನಿನ್ ಚೀಟಿ ಓದ್ತದೇನ್ಲಾ? ತಂದ್ಕೊಡೋ."

ಆರನೆಯ ದಿನ ಅಜ್ಜಿಯ ಜ್ವರ ಇಳಿಯಿತು. "ಇನ್ನೂ ನುಂಗ್ಬೇಕಾ ನಾಯನಾ?" ಎಂದಳು.

"ಬೇಡಜ್ಜಿ, ಸಾಕು" ಎಂದೆ.

"ಹಂಗಾದ್ರೆ ಇವತ್ತು ಮುದ್ದೆ ತಿನ್ತೀನಿ. ನಿನ್ನ ಹೊಕ್ಕಳ ಕುಯ್ದ ಕೈ ಇದು, ಗಂಜಿಗೆಲ್ಲಾ ಬಗ್ತದಾ!" ಎಂದು ನಕ್ಕಳು.

ಉಳಿದ ಎಂಟು ದಿನದ ಕ್ಯಾಪ್ಸೂಲುಗಳನ್ನು ಪೊಟ್ಟಣ ಕಟ್ಟಿ ಹುಳುಮನೆಗೆ ಒಯ್ದೆ. ಅಕ್ಕ ಉಗುರಿನಿಂದ ಒಂದೊಂದನ್ನೇ ಬಿಡಿಸಿದಳು, ನಾನು ನೀರು ಕದಡಿದೆ. ಎರಡು ದಿನಕ್ಕೆ ಹುಳುಗಳು ಸೊಪ್ಪು ಮೇಯುವ ಸದ್ದು ಬಾಗಿಲವರೆಗೆ ಕೇಳಿಸಿತು. ನನಗೆ ಹೆಮ್ಮೆಯಾಗಿತ್ತು. ಅದನ್ನೂ ಬರೆಯಬೇಕು.

ಆಮೇಲೆ ಅಜ್ಜಿಯ ಮಗಳು ತವರಿಗೆ ಬಂದು ಎಂಟನೆಯ ತಿಂಗಳಿಗೇ ಹೆತ್ತಳು. ಗಂಡುಮಗು, ಅಂಗೈ ಮೇಲೆ ಮಲಗಿಸುವಷ್ಟು ಚಿಕ್ಕದು. ಅಜ್ಜಿಯೇ ಮಗುವಿಗೆ ನೀರೆರೆಯುತ್ತಿದ್ದಳು, ದಿನಾ ಬೆಳಿಗ್ಗೆ ಬಜೆ, ಜಾಯಿಕಾಯಿ ತೇದು ತನ್ನ ಬೆರಳಿನಿಂದ ನೆಕ್ಕಿಸುತ್ತಿದ್ದಳು. ತಿಂಗಳು ತುಂಬುವ ಹೊತ್ತಿಗೆ ಮಗುವಿಗೆ ಭೇದಿ, ಜ್ವರ. ಊರಿನ ಡಾಕ್ಟರು ಅದೇ ಔಷಧಿಯನ್ನು ಸಿರಪ್ಪಿನಲ್ಲಿ ಬರೆದರು. ನಾಲ್ಕು ದಿನವಾದರೂ ಜ್ವರ ಜಗ್ಗಲಿಲ್ಲ. ಐದನೆಯ ದಿನ ನೆತ್ತಿ ಉಬ್ಬಿತು, ಮಗು ಹಾಲು ಬಿಟ್ಟಿತು. ತರಕಾರಿ ಲಾರಿಯೊಂದನ್ನು ನಿಲ್ಲಿಸಿ ಎಲ್ಲರನ್ನೂ ಕೋಲಾರಕ್ಕೆ ಕರೆದೊಯ್ದವನು ನಾನೇ. ಬಾಣಂತಿಗೆ ಆಸರೆಯಾಗಿ ಅಕ್ಕ ಬಂದಳು.

ಕೋಲಾರದ ಡಾಕ್ಟರು ಮಗುವಿನ ರಕ್ತವನ್ನೂ ಅಜ್ಜಿಯ ಮಲವನ್ನೂ ಪರೀಕ್ಷೆಗೆ ಕಳಿಸಿದ್ದರು. ಆ ಸೋಮವಾರ ವರದಿ ಬಂತು. ಎರಡರಲ್ಲೂ ಟೈಫಾಯ್ಡಿನ ಕ್ರಿಮಿ, ಸಾಲ್ಮೊನೆಲ್ಲಾ. ಎರಡೂ ಆ ಕ್ಯಾಪ್ಸೂಲಿನ ಔಷಧಿಗೆ ಸಾಯುತ್ತಿರಲಿಲ್ಲ. ಜ್ವರ ಇಳಿದರೂ ಕ್ರಿಮಿ ಮೈಯಲ್ಲಿ ಉಳಿದು ಕೈಬೆರಳಿನಿಂದ ಇನ್ನೊಬ್ಬರಿಗೆ ದಾಟಬಹುದು, ಔಷಧಿಯನ್ನು ಅರ್ಧಕ್ಕೆ ನಿಲ್ಲಿಸಿದರೆ ಅದಕ್ಕೆ ಬಗ್ಗದವೇ ಉಳಿದು ಬೆಳೆಯಬಹುದು, ದೊಡ್ಡವರು ತಡೆದುಕೊಂಡದ್ದನ್ನು ಇಂಥ ಕೂಸು ತಡೆಯಲಾರದು ಎಂದು ಅವರು ನಿಧಾನವಾಗಿ ವಿವರಿಸಿದರು. ಈ ಕ್ರಿಮಿ ಮೊದಲಿನಿಂದಲೇ ಹಾಗಿತ್ತೋ ನಡುವೆ ಹಾಗಾಯಿತೋ ತಮಗೆ ತಿಳಿಯದು ಎಂದೂ ಹೇಳಿದರು. ನನಗೂ ತಿಳಿಯದು. ಎಂಟು ದಿನದ ಲೆಕ್ಕ ಮಾತ್ರ ತಿಳಿದಿತ್ತು.

ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಅಜ್ಜಿಗೆ ಹದಿನಾಲ್ಕು ದಿನ ಪೂರ್ತಿ ಕೊಟ್ಟಿದ್ರಾ?"

"ಕೊಟ್ಟಿದ್ದೆ ಸಾರ್. ಅವ್ರೇ ನಡುವೆ ಬಿಟ್ಟಿರ್ಬೇಕು."

ಅಜ್ಜಿ ನನ್ನ ಮುಖ ನೋಡಿದಳು. ಕೋಪದಿಂದಲ್ಲ. ಏನೋ ನೆನಪಿಸಿಕೊಳ್ಳಲು ಪ್ರಯತ್ನಿಸುವವಳ ಹಾಗೆ. "ಇರ್ಬೋದು ಸಾಮಿ" ಎಂದಳು ಡಾಕ್ಟರಿಗೆ. "ಜ್ವರದ ಮಂಪರು. ನಾನೇ ಮರ್ತಿರ್ಬೋದು." ಮಗಳು ತಾಯಿಯ ಪಕ್ಕದಿಂದ ಒಂದು ಹೆಜ್ಜೆ ಸರಿದು ನಿಂತಳು. ಅಕ್ಕ ನೆಲ ನೋಡುತ್ತಿದ್ದಳು. ನಾನು ಅಲ್ಲೇ ಬಾಯಿ ಬಿಡಬಹುದಿತ್ತು, ಬಿಡಲಿಲ್ಲ.

ಬೇರೆ ಇಂಜೆಕ್ಷನ್ನಿನಿಂದ ಮಗು ಬದುಕಿತು. ಕಿವಿ ಹೋಯಿತು. ಕಾಯಿಲೆಯಿಂದಲೋ ಔಷಧಿಯಿಂದಲೋ ಹೇಳಲಾಗದು ಎಂದರು.

ಅಜ್ಜಿ ಮತ್ತೆ ಯಾವ ಕೂಸಿಗೂ ನೀರೆರೆಯಲಿಲ್ಲ. ಯಾರಾದರೂ ಕರೆದರೆ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು, "ಮಾತ್ರೆ ನುಂಗೋದು ಮರ್ತ ಮುದುಕಿ ನಾನು, ಬ್ಯಾಡ ತಾಯಿ" ಎನ್ನುತ್ತಿದ್ದಳು. ಅವಳು ಆಮೇಲೆ ಆರು ವರ್ಷ ಬದುಕಿದ್ದಳು. ಅವಳ ಜಗಲಿ ನಾನು ಕೆಲಸಕ್ಕೆ ಹೋಗುವ ದಾರಿಯಲ್ಲೇ ಇತ್ತು.

ಆ ಸೋಮವಾರ ಅಲ್ಲಿದ್ದವರಲ್ಲಿ ಇಂದು ಬದುಕಿರುವವರು, ನನ್ನನ್ನು ಬಿಟ್ಟರೆ, ಮೂವರು. ಅಕ್ಕ, ನಮ್ಮೂರಿನಲ್ಲೇ ಇದ್ದಾಳೆ. ಈ ಮಾತು ನಾವಿಬ್ಬರೂ ಒಮ್ಮೆಯೂ ಎತ್ತಿಲ್ಲ. ಆ ಮಗು, ಈಗ ಮುಳಬಾಗಿಲಿನಲ್ಲಿ ದರ್ಜಿ. ಅವನ ತಾಯಿ ಅಂಗಡಿಯ ಮುಂದೆ ಕೂತು ಗುಂಡಿ ಹೊಲಿಯುತ್ತಾಳೆ. ನಾನು ಹೋದರೆ ಎದ್ದು ಕುರ್ಚಿ ಹಾಕುತ್ತಾಳೆ. ಲಾರಿ ನಿಲ್ಲಿಸಿ ಮಗುವನ್ನು ಉಳಿಸಿದವರು ಇವರೇ ಎಂದು ಬಂದ ಗಿರಾಕಿಗಳಿಗೆ ಹೇಳುತ್ತಾಳೆ.